ಘಟ್ಟ ಹತ್ತಿದ ಬಸಳೆ

ಉಮ್ಮ ಹೊಸದುರ್ಗಕ್ಕೆ ಬಂದ ಮೂರನೇ ದಿನ. ಬೆಳಿಗ್ಗೆ ಚಾ ಕುಡಿದು ಮನೆಯ ಹಿಂದೆ ಒಂದು ಸುತ್ತು ಹಾಕಿದರು, ಆಚೆ ಬೀದಿಯವರೆಗೂ ಹೋಗಿ ನೋಡಿ ಬಂದರು. ಬಂದವರೇ ಕೇಳಿದ್ದು, "ಇದೆಂತ ಊರು ಮಗಾ, ಯಾರ ಮನೆಯಲ್ಲೂ ಒಂದು ಬಸಳೆ ಚಪ್ಪರ ಇಲ್ಲ. ಮೀನು ಸಿಗದ ದಿನ ಇಲ್ಲಿಯವರು ಎಂತ ಪದಾರ್ಥ ಮಾಡುವುದು?"

ನಮಗೆ ಉತ್ತರ ಗೊತ್ತಿರಲಿಲ್ಲ. ಬಯಲುಸೀಮೆಗೆ ಬಂದು ಮದ್ರಸದಲ್ಲಿ ಮಕ್ಕಳಿಗೆ ಓದಿಸಲು ಶುರು ಮಾಡಿ ಅಷ್ಟು ವರ್ಷ ಆಗಿತ್ತು. ಇಲ್ಲಿ ಬಸಳೆ ಇಲ್ಲ ಎಂಬುದೇ ನಮ್ಮ ಗಮನಕ್ಕೆ ಬಂದಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ತಿನ್ನುವುದು, ಬರುವಾಗ ಮರೆಯುವುದು. ನಮ್ಮ ಜನ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಗೆ ಬಂದದ್ದು ಬೇಕರಿ, ಹೋಟೆಲು, ಬಟ್ಟೆ ಅಂಗಡಿ, ಅಡಿಕೆ ವ್ಯಾಪಾರ ಅಂತ. ಬಂದವರು ಹತ್ತು ಹದಿನೈದು ವರ್ಷ ಕಳೆದರೂ "ಎರಡು ವರ್ಷ ನೋಡಿ ಊರಿಗೆ ಹೋಗುವುದು" ಎಂದೇ ಹೇಳುತ್ತಿರುತ್ತಾರೆ. ಬಾಡಿಗೆ ಮನೆ, ನಾಳೆ ಬಿಡುವ ಮನೆ, ಅದರ ಅಂಗಳದಲ್ಲಿ ಎಂತಕ್ಕೆ ಗಿಡ ನೆಡುವುದು ಎಂಬ ಲೆಕ್ಕ. ನಾವೂ ಹಾಗೇ ಇದ್ದವರು. ಉಪ್ಪ ತೀರಿಕೊಂಡ ಮೇಲೆ 2021ರ ಕೊನೆಗೆ ಉಮ್ಮನನ್ನು ಕರೆದುಕೊಂಡು ಬಂದೆವು. ಅವರಿಗೆ ಇಲ್ಲಿ ಇರಲು ಮನಸ್ಸೇ ಇರಲಿಲ್ಲ. ನೆರೆಯವರ ಮಾತು ಅರ್ಥ ಆಗುವುದಿಲ್ಲ, ಗಾಳಿ ಒಣ, ನೀರು ಉಪ್ಪು, ಊಟ ಸೇರುವುದಿಲ್ಲ. ದಿನಾ ಸಂಜೆ "ನನ್ನನ್ನು ಊರಿಗೆ ಬಿಡು" ಎನ್ನುವುದು. ಊರಲ್ಲಿ ಅವರನ್ನು ನೋಡಿಕೊಳ್ಳಲು ಆಗ ಯಾರೂ ಇರಲಿಲ್ಲ, ತಮ್ಮ ಗಲ್ಫಿನಲ್ಲಿದ್ದ.

ಬಸಳೆ ನೆಡುವ ಯೋಚನೆ ಬಂದದ್ದು ಹೀಗೆ. ಗಿಡದ ಮೇಲಿನ ಪ್ರೀತಿಯಿಂದ ಅಲ್ಲ, ಮನೆಯ ಜಗಳ ತಪ್ಪಿಸಲಿಕ್ಕೆ.

ಮೊದಲ ಸಲ 2022ರ ಮೇ ತಿಂಗಳಲ್ಲಿ, ಈದ್ ಕಳೆದ ಮೇಲೆ. ಊರಿನ ಮನೆಯ ಬಾವಿಕಟ್ಟೆಯ ಬಳಿಯ ಬಳ್ಳಿಯಿಂದ ಏಳೆಂಟು ದಂಟು ಕೊಯ್ದು, ಒದ್ದೆ ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಚಿಕ್ಕಮಗಳೂರು, ಕಡೂರು ದಾಟಿ ತಂದೆವು. ಅಂಗಳದ ನಡುವೆ, ಒಳ್ಳೆ ಬಿಸಿಲು ಬೀಳುವ ಜಾಗದಲ್ಲಿ ನೆಟ್ಟೆವು. ಊರಲ್ಲಿ ಬಿಸಿಲು ಸಿಗುವುದೇ ಕಷ್ಟವಲ್ವಾ, ತೆಂಗು, ಹಲಸಿನ ನೆರಳು. ಹಾಗಾಗಿ ಬಿಸಿಲು ಇದ್ದರೆ ಒಳ್ಳೆಯದು ಎಂದು ನಮ್ಮ ತಲೆಯಲ್ಲಿ ಕೂತಿತ್ತು. ಒಂದು ವಾರದಲ್ಲಿ ಏಳೂ ದಂಟು ಬೆಂದ ಹಾಗೆ ಆಗಿ ಮಣ್ಣಿಗೆ ಅಂಟಿದವು.

ಎರಡನೇ ಸಲ ಪೇಟೆಯ ಒಂದು ಅಂಗಡಿಯಿಂದ ಬೀಜದ ಪ್ಯಾಕೆಟ್ ತಂದೆವು. "ಬಸಳೆ" ಎಂದು ಕೇಳಿಯೇ ತಂದದ್ದು. ಮೊಳಕೆ ಚೆನ್ನಾಗಿ ಬಂತು, ಎಲೆ ಅಗಲ ಆಯಿತು, ನಾವು ಚಪ್ಪರಕ್ಕೆ ಕೋಲು ಊರಿದೆವು. ಅದು ಹತ್ತಲೇ ಇಲ್ಲ. ಉಮ್ಮ ಒಂದು ಎಲೆ ಕಿತ್ತು ಮೂಸಿ ನೋಡಿ, "ಇದು ಪಾಲಕ್. ಇದಕ್ಕೆ ಕೋಲು ಎಂತಕ್ಕೆ?" ಅಂದರು. ಅಂಗಡಿಯವರ ತಪ್ಪೂ ಪೂರ್ತಿ ಅಲ್ಲ. ಘಟ್ಟದ ಮೇಲೆ ಕೆಲವರು ಪಾಲಕ್ಕನ್ನೇ ಬಸಳೆ ಎನ್ನುತ್ತಾರೆ. ಇನ್ನೊಂದು ನೆಲಬಸಳೆ ಅಂತ ಇದೆ. ಗುಲಾಬಿ ಬಣ್ಣದ ಸಣ್ಣ ಹೂ ಬಿಡುವ, ಮೊಣಕಾಲೆತ್ತರದ ಗಿಡ. ಸಾರಿಗೆ ಅದೂ ಆಗುತ್ತದೆ, ಆದರೆ ಬೇರೆಯೇ ಜಾತಿ. ನಮ್ಮ ಬಸಳೆ ಬಳ್ಳಿಯಾಗಿ ಹಬ್ಬುವಂಥದ್ದು, ಎಲೆ ದಪ್ಪ, ದಂಟು ಬೆರಳಿಗಿಂತ ದಪ್ಪ ಆಗುವುದು. ಅದರಲ್ಲೂ ಎರಡು: ಬಿಳಿ ಎಂದು ಕರೆಯುವ ಹಸಿರು ದಂಟಿನದ್ದು, ಮತ್ತೆ ಕೆಂಪು ದಂಟಿನದ್ದು. ಬೀಜ ಕೊಳ್ಳುವುದಾದರೆ ಬಳ್ಳಿ ಬಸಳೆ ಎಂದು ಬಿಡಿಸಿ ಕೇಳಬೇಕು. ನಿಜವಾದ ಬಸಳೆ ಬೀಜ ಕರಿಮೆಣಸಿನ ಹಾಗೆ ಉರುಟು, ಕಪ್ಪು. ಪಾಲಕ್ ಬೀಜ ಹಾಗಲ್ಲ.

ಹಿರಿಯೂರಿನ ಕಡೆ ತೆಲುಗು ಮಾತಾಡುವವರು ತುಂಬಾ ಇದ್ದಾರೆ. ಅವರಿಗೆ "ಬಚ್ಚಲಿ" ಎಂದರೆ ಕೂಡಲೇ ಗೊತ್ತಾಗುತ್ತದೆ. ತಮಿಳಿನವರು ಕೊಡಿ ಪಸಲೈ ಎನ್ನುತ್ತಾರೆ, ಮರಾಠಿಯಲ್ಲಿ ಮಾಯಾಳು, ಕೊಂಕಣಿಯವರಿಗೆ ವಾಲಿ, ಬಂಗಾಳದಲ್ಲಿ ಪುಂಯಿ ಶಾಕ್. ಬಂಗಾಳಿಗಳು ಕೂಡ ನಮ್ಮ ಹಾಗೇ ಅದಕ್ಕೆ ಸಿಗಡಿ ಹಾಕುತ್ತಾರೆ. ಮೀನಿನ ತಲೆ ಹಾಕುವುದೂ ಉಂಟು. ಸಸ್ಯಶಾಸ್ತ್ರದವರು ಇದಕ್ಕೆ ಇಟ್ಟ ಹೆಸರು ಬಸೆಲ್ಲಾ. ಆ ಹೆಸರು ಹೋದದ್ದು ನಮ್ಮ ಪಶ್ಚಿಮ ಕರಾವಳಿಯಿಂದಲೇ. ಕೊಚ್ಚಿಯಲ್ಲಿ ಡಚ್ಚರ ಗವರ್ನರ್ ಆಗಿದ್ದ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಬರೆಸಿದ "ಹೋರ್ಟಸ್ ಮಲಬಾರಿಕಸ್" 12 ಸಂಪುಟಗಳಲ್ಲಿ 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ಮಲಯಾಳದ ಹೆಸರಿನಲ್ಲೇ ಈ ಬಳ್ಳಿ ಇದೆ. ಆಮೇಲೆ 1753ರಲ್ಲಿ ಲಿನೇಯಸ್ ಅದನ್ನೇ ತೆಗೆದುಕೊಂಡರು. ಅಂದರೆ ನಮ್ಮ ಅಜ್ಜಿಯಂದಿರು ಹಿತ್ತಿಲಲ್ಲಿ ಕೂಗಿದ ಹೆಸರು ಇಡೀ ಲೋಕದ ಪುಸ್ತಕದಲ್ಲಿದೆ, ಹೊಸದುರ್ಗದ ಬೀಜದ ಅಂಗಡಿಯಲ್ಲಿ ಮಾತ್ರ ಇಲ್ಲ!

ಮೂರನೇ ಸಲ ಸರಿಯಾದದ್ದು ಪಕ್ಕದ ಮನೆಯ ಅಜ್ಜಿಯಿಂದ. ಅವರು ಇದೇ ಮಣ್ಣಿನವರು, ಹೊಲದಲ್ಲಿ ಜೀವ ತೇದವರು. ಒಣಗಿದ ದಂಟುಗಳನ್ನು ನೋಡಿ ನಕ್ಕರು. "ಏನ್ ಹಜರತ್, ಆ ಬಿಸ್ಲಾಗೆ ಸೊಪ್ಪಿನ ಬಳ್ಳಿ ಇಟ್ರೆ ಉಳೀತೈತಾ? ಮನೆ ಮೂಡಲ ಕಡೀಕೆ ಇಡ್ರಿ. ಬೆಳಗಿನ ಬಿಸ್ಲು ಸಾಕು ಅದಕ್ಕೆ. ಮಧ್ಯಾಹ್ನದ ಮ್ಯಾಲೆ ಗೋಡೆ ನೆಳ್ಳು ಬೀಳ್ತೈತೆ."

ಅಷ್ಟೇ ವಿಷಯ. ಮನೆಯ ಪೂರ್ವದ ಗೋಡೆಗೆ ತಾಗಿ ನೆಟ್ಟರೆ ಮಧ್ಯಾಹ್ನದ ನಂತರದ ಬೇಯುವ ಬಿಸಿಲು ತಪ್ಪುತ್ತದೆ. ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲವಲ್ಲ. ಆಷಾಢದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಒಣಗಲು ಹಾಕಿದ ಬಟ್ಟೆಯನ್ನು ಮೂರು ಮನೆ ಆಚೆ ಹಾಕುತ್ತದೆ. ಪೂರ್ವದ ಕಡೆ ನೆಟ್ಟರೆ ಮನೆಯೇ ಗಾಳಿಗೆ ಅಡ್ಡ. ನಾವು 2023ರಲ್ಲಿ ಊರಿನ ಹಾಗೆ ಆಳೆತ್ತರದ ಚಪ್ಪರ ಹಾಕಿದ್ದೆವು. ಅದು ಗೋಡೆಯನ್ನು ಬಿಟ್ಟು ಸ್ವಲ್ಪ ಮುಂದೆ ಚಾಚಿತ್ತು. ಒಂದೇ ರಾತ್ರಿಗೆ ನೆಲಕ್ಕೆ ಬಿತ್ತು, ಬಳ್ಳಿ ಸಮೇತ. ಈಗ ನಾಲ್ಕು ಅಡಿಗಿಂತ ಮೇಲೆ ಏರಿಸುವುದಿಲ್ಲ. ಕೂತುಕೊಂಡೇ ಕೊಯ್ಯಬಹುದು, ಉಮ್ಮನ ಸೊಂಟಕ್ಕೂ ಅದೇ ಅನುಕೂಲ. ಊರಲ್ಲಿ ಅಡಿಕೆ ಸಲಕೆ ಹಾಕುತ್ತೇವೆ. ಹೊಳಲ್ಕೆರೆ, ಹೊಸದುರ್ಗದಲ್ಲಿ ಅದೂ ಸಿಗುತ್ತದೆ, ತೆಂಗಿನ ಹಗ್ಗವೂ ಸಿಗುತ್ತದೆ. ಬೇರೆ ಕಡೆ ಬಳ್ಳಾರಿ ಜಾಲಿಯ ಕೊಂಬೆ ಧರ್ಮಕ್ಕೆ ಸಿಗುತ್ತದೆ, ಮುಳ್ಳು ಸವರಿ ಹಾಕಬೇಕು. ಸವರದೆ ಹಾಕಿ ಕೈ ಕುಯ್ದುಕೊಂಡವರು ನಾವೇ.

ದಂಟು ಆರಿಸುವುದರಲ್ಲಿ ಉಮ್ಮನ ಕಟ್ಟುನಿಟ್ಟು ಜಾಸ್ತಿ. ತುದಿಯ ಎಳೆ ದಂಟು ಬೇಡ, ಬುಡದ ನಾರು ದಂಟೂ ಬೇಡ, ನಡುವಿನದ್ದು. ಒಂದೂವರೆ ಗೇಣು ಉದ್ದ, ಮೂರು ನಾಲ್ಕು ಗೆಣ್ಣು ಇರಬೇಕು. ಎಲೆ ಎಲ್ಲ ತೆಗೆದು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಸ್ವಲ್ಪ ಓರೆಯಾಗಿ ಊರುವುದು, ದಂಟಿನಿಂದ ದಂಟಿಗೆ ಒಂದೂವರೆ ಅಡಿ. ಸಂಜೆ ಹೊತ್ತಿಗೆ ನೆಡಬೇಕು. ಒಂದು ವಾರ, ಹತ್ತು ದಿನದಲ್ಲಿ ಗೆಣ್ಣಿನಲ್ಲಿ ಚಿಗುರು ಕಾಣುತ್ತದೆ. ಕೊಯ್ಲಿಗೆ ಒಂದೂವರೆ ಎರಡು ತಿಂಗಳು ತಡೆಯಬೇಕು. ಬೀಜದಿಂದ ಮಾಡುವವರು ರಾತ್ರಿ ನೀರಲ್ಲಿ ನೆನೆಸಿ ಹಾಕಿ, ಮೊಳೆಯಲು ಎರಡು ಮೂರು ವಾರ ತೆಗೆದುಕೊಂಡರೂ ಗಾಬರಿ ಆಗಬೇಡಿ.

ಗೊಬ್ಬರದ ವಿಷಯದಲ್ಲಿ ಬಯಲುಸೀಮೆಯವರು ಪುಣ್ಯವಂತರು. ಊರಲ್ಲಿ ನಾವು ತರಗೆಲೆ ರಾಶಿ ಹಾಕಿ ಸುಡುಮಣ್ಣು ಮಾಡುತ್ತಿದ್ದೆವು. ಇಲ್ಲಿ ಕುರಿ ಗೊಬ್ಬರ ಇದೆ. ಮಂದೆ ಕಟ್ಟುವವರ ಹತ್ತಿರ ಒಂದು ಚೀಲ ತಂದರೆ ನಾಲ್ಕು ಬಳ್ಳಿಗೆ ವರ್ಷಕ್ಕೆ ಸಾಕು. ಹಸಿಯದ್ದು ಹಾಕಬಾರದು, ಬೇರು ಸುಡುತ್ತದೆ. ಎರಡು ಮೂರು ತಿಂಗಳು ಮೂಲೆಯಲ್ಲಿ ಕೊಳೆಯಲು ಬಿಟ್ಟು ಆಮೇಲೆ ಹಾಕಬೇಕು. ಅಜ್ಜಿ ಹೇಳಿದ ಇನ್ನೊಂದು ಕ್ರಮ, ಬುಡಕ್ಕೆ ತೆಂಗಿನ ಸಿಪ್ಪೆಯನ್ನು ನಾರು ಮೇಲೆ ಮಾಡಿ ಮುಚ್ಚುವುದು. ಎರಡು ದಿನ ನೀರು ತಪ್ಪಿದರೂ ಮಣ್ಣು ಒಣಗುವುದಿಲ್ಲ. ಮೀನು ತೊಳೆದ ನೀರು ಹಾಕುವ ಊರಿನ ಪದ್ಧತಿಯನ್ನು ಉಮ್ಮ ಇಲ್ಲೂ ಬಿಟ್ಟಿಲ್ಲ. ಬೀದಿಯ ಬೆಕ್ಕುಗಳಿಗೆ ನಮ್ಮ ಮನೆ ಗೊತ್ತಾಗಿದ್ದು ಆಮೇಲೆ.

ಕಾಲದ ಲೆಕ್ಕವನ್ನು ಮಾತ್ರ ನಮ್ಮವರು ತಲೆಕೆಳಗೆ ಮಾಡಿಕೊಳ್ಳಬೇಕು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ. ಆಟಿ ತಿಂಗಳಲ್ಲಿ ಬಳ್ಳಿ ಕೊಳೆಯುತ್ತದೆ, ಆದ್ದರಿಂದ ಮಳೆ ಬಿಟ್ಟ ಮೇಲೆ ನೆಟ್ಟು ಬೇಸಗೆಯವರೆಗೆ ಕೊಯ್ಯುವುದು. ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ 600 ಮಿ.ಮೀ. ಆಸುಪಾಸು. ಇಲ್ಲಿ ಮಳೆಗಾಲವೇ ಬಸಳೆಗೆ ಒಳ್ಳೆಯ ಕಾಲ. ಜೂನ್ ಮೊದಲ ಮಳೆಗೆ ನೆಟ್ಟರೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ತಿಂದು ಮುಗಿಯುವುದಿಲ್ಲ. ಹಗಲು ಕುಗ್ಗುತ್ತಾ ಬಂದಾಗ ಹೂ ಬಿಟ್ಟು ಕಾಯಿ ಕಟ್ಟುತ್ತದೆ, ಎಲೆ ಸಣ್ಣದಾಗುತ್ತದೆ. ಆಗ ಹೂವಿನ ತುದಿ ಚಿವುಟುತ್ತಾ ಹೋಗಬೇಕು. ಮಾರ್ಚ್‌ನಿಂದ ಮೇವರೆಗೆ ಬಳ್ಳಿಯ ಜೀವ ಉಳಿಸಿಕೊಂಡರೆ ಸಾಕು, ಸೊಪ್ಪಿನ ಆಸೆ ಬಿಡಬೇಕು.

ಕಾಯಿ ಹಣ್ಣಾದರೆ ಕಡು ನೇರಳೆ. ಮದ್ರಸದ ಮಕ್ಕಳು ಅದನ್ನು ಜಜ್ಜಿ ಶಾಯಿ ಮಾಡಿ ನೋಟ್ ಪುಸ್ತಕದಲ್ಲಿ ಅಲಿಫ್ ಬಾ ಬರೆದು ತಂದಿದ್ದರು. ಬಿಳಿ ಅಂಗಿಗೂ ಬರೆದಿದ್ದರು. ತಾಯಂದಿರ ದೂರು ಬಂದದ್ದು ನಮಗೆ.

ನೀರಿನ ಮಾತಿಗೆ ಬರೋಣ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಹಿರಿಯೂರಿನ ಕಡೆ ಹೊರಟಿತ್ತು. ನಾವೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ವೇದಾವತಿಗೆ ಮಾರಿ ಕಣಿವೆಯಲ್ಲಿ ಮೈಸೂರು ಸರ್ಕಾರ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು, ತುಂಬಿದರೆ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಹರಿಯಲು 89 ವರ್ಷ ಬೇಕಾಯಿತು. ನಮ್ಮ ಮೂರನೇ ಸಲದ ದಂಟು ನೆಟ್ಟದ್ದು ಅದೇ ತಿಂಗಳು. ಆ ವರ್ಷ ನೀರು ಎಲ್ಲಿ ನೋಡಿದರೂ. ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮ ಬೀದಿಗೆ ನಲ್ಲಿ ನೀರು ವಾರಕ್ಕೊಮ್ಮೆ, ಕೆಲವು ವಾರ ಅದೂ ಇಲ್ಲ. ಕುಡಿಯುವುದಕ್ಕೆ ಕ್ಯಾನ್, ಬಳಸುವುದಕ್ಕೆ ಟ್ಯಾಂಕರ್. ಅಂಥ ಹೊತ್ತಲ್ಲಿ ಸೊಪ್ಪಿಗೆ ನೀರು ಹಾಕುತ್ತಾ ನಿಂತರೆ ನೆರೆಯವರ ಮುಖ ನೋಡುವುದು ಹೇಗೆ?

ಆಗ ಕಣ್ಣಿಗೆ ಬಿದ್ದದ್ದು ಮದ್ರಸದ ವುಝೂ ಕಟ್ಟೆ. ಒಂದು ದಿನ ಬಕೆಟ್ ಇಟ್ಟು ಅಳೆದೆವು. ನಲ್ಲಿ ತೆರೆದು ಬಿಟ್ಟು ವುಝೂ ಮಾಡುವ ಹುಡುಗನಿಗೆ ನಾಲ್ಕು ಲೀಟರ್ ಹೋಗುತ್ತಿತ್ತು. ಮೂವತ್ತೈದು ಮಕ್ಕಳಿಗೆ ಎಷ್ಟಾಯಿತು ನೋಡಿ, 140 ಲೀಟರ್, ಒಂದು ಹೊತ್ತಿಗೆ, ಸೀದಾ ಚರಂಡಿಗೆ. ಪ್ರವಾದಿಯವರು (ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ನಾವೇ ಪಾಠದಲ್ಲಿ ಹೇಳಿಕೊಡುವುದು. ಒಂದು ಮುದ್ದ್ ಎಂದರೆ ಮುಕ್ಕಾಲು ಲೀಟರಿಗಿಂತ ಕಡಿಮೆ. ಪಾಠ ಹೇಳುವವರ ಕಟ್ಟೆಯಲ್ಲೇ ಹೀಗೆ. ಮರುದಿನದಿಂದ ಚೆಂಬು ಇಟ್ಟೆವು, ಒಬ್ಬರಿಗೆ ಒಂದು ಲೀಟರು. ಬಿದ್ದ ನೀರು ಒಂದು ಪೈಪಿನಲ್ಲಿ ಡ್ರಮ್ಮಿಗೆ. ಸೋಪು ಬೆರೆಯದ ನೀರು ಆದ್ದರಿಂದ ಗಿಡಕ್ಕೆ ಏನೂ ತೊಂದರೆ ಇಲ್ಲ. ಸ್ನಾನದ ನೀರಿಗೂ ಇದಕ್ಕೂ ಅದೇ ವ್ಯತ್ಯಾಸ. ಸೋಪು, ಶಾಂಪೂ ನೀರು ದಿನಾ ಬಿದ್ದರೆ ಇಲ್ಲಿಯ ಗಡಸು ಮಣ್ಣು ಇನ್ನೂ ಗಟ್ಟಿ ಆಗುತ್ತದೆ.

ಒಬ್ಬರು ಹಿರಿಯರು ಕೇಳಿದರು, "ಉಸ್ತಾದರೇ, ಜನರ ಕಾಲು ತೊಳೆದ ನೀರು, ಅದನ್ನು ತಿನ್ನುವ ಸೊಪ್ಪಿಗೆ ಹಾಕಬಹುದಾ?" ಕೇಳಬೇಕಾದ ಪ್ರಶ್ನೆಯೇ. ನಾವು ಪಾಲಿಸುವ ಶಾಫಿಈ ಮದ್‌ಹಬಿನಲ್ಲಿ ವುಝೂ ಮಾಡಿ ಬಿದ್ದ ನೀರು ಶುದ್ಧವೇ, ನಜಸ್ ಅಲ್ಲ. ಅದರಿಂದ ಮತ್ತೊಮ್ಮೆ ವುಝೂ ಮಾಡಲಿಕ್ಕೆ ಆಗುವುದಿಲ್ಲ, ಅಷ್ಟೇ. ಗಿಡಕ್ಕೆ ಹಾಕಲು ಅಡ್ಡಿಯಿಲ್ಲ. ಸೊಪ್ಪನ್ನು ಹೇಗೂ ತೊಳೆದೇ ಬೇಯಿಸುವುದು. ಅವರು ಒಪ್ಪಿದರು, ಎರಡು ದಂಟನ್ನೂ ಕೇಳಿಕೊಂಡು ಹೋದರು. 2023-24ರ ಆ ಬೇಸಗೆಯಲ್ಲಿ ನಮ್ಮ ನಾಲ್ಕು ಬಳ್ಳಿ ಬದುಕಿದ್ದು ಆ ಡ್ರಮ್ಮಿನಿಂದ. ಮದ್ರಸಕ್ಕೆ ರಜೆ ಇದ್ದ ವಾರಗಳಲ್ಲಿ ಮಾತ್ರ ಒಂದು ಬಳ್ಳಿ ಸತ್ತಿತು.

ಬೇರೆ ಮನೆಗಳ ಕತೆ ಬೇರೆ ಬೇರೆ. ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರದ ಒಂದು ಮನೆಯವರಿಗೆ ಏನೂ ಕಷ್ಟ ಆಗಲಿಲ್ಲ. ತೋಟದ ಅಂಚು, ತಂಪು, ನೆಟ್ಟದ್ದೆಲ್ಲ ಬಂತು. ಹಿರಿಯೂರಿನ ಬೇಕರಿಯವರ ಮನೆಯದ್ದು ಕಪ್ಪು ಮಣ್ಣು. ನೀರು ಹಾಕಿದರೆ ನಿಂತೇ ಬಿಡುತ್ತದೆ, ಬಿಟ್ಟರೆ ಬಿರುಕು. ಎರಡು ಸಲ ಬುಡ ಕೊಳೆಯಿತು. ಕೊನೆಗೆ ನೆಲದಿಂದ ಮುಕ್ಕಾಲು ಅಡಿ ಎತ್ತರಕ್ಕೆ ಇಟ್ಟಿಗೆ ಕಟ್ಟಿ ಕೆಂಪು ಮಣ್ಣು, ಮರಳು, ಗೊಬ್ಬರ ತುಂಬಿಸಿ ನೆಟ್ಟ ಮೇಲೆ ಹಿಡಿಯಿತು. ಅಲ್ಲೇ ಹತ್ತಿರ ಬಬ್ಬೂರು ಫಾರಂನಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಮಣ್ಣಿನ ವಿಷಯ ಕೇಳಲು ನಮ್ಮವರು ಅಲ್ಲಿಗೆ ಹೋಗಲು ಯಾಕೋ ಸಂಕೋಚ ಪಡುತ್ತಾರೆ. ಹೊಲ ಇರುವವರಿಗೆ ಮಾತ್ರ ಎಂದು ತಿಳಿದಿದ್ದಾರೆ. ಹಾಗೇನಿಲ್ಲ, ಹೋಗಿ ಕೇಳಿ.

ಚಿತ್ರದುರ್ಗ ಪೇಟೆಯ ಒಂದು ಮನೆ ಮೂರನೇ ಮಾಳಿಗೆಯಲ್ಲಿ. ಅಂಗಳವೇ ಇಲ್ಲ. 25 ಕೆ.ಜಿ.ಯ ಅಕ್ಕಿ ಚೀಲದಲ್ಲಿ ಮಣ್ಣು ತುಂಬಿ ಟೆರೇಸಿನಲ್ಲಿ ನೆಟ್ಟರು, ನೀರಿನ ಟ್ಯಾಂಕಿನ ಪೂರ್ವದ ನೆರಳಲ್ಲಿ. ಚೀಲದ ಕೆಳಗೆ ಎರಡು ಇಟ್ಟಿಗೆ ಇಡಬೇಕು, ಇಲ್ಲದಿದ್ದರೆ ಕಾದ ಸಿಮೆಂಟಿಗೆ ಬೇರು ಬೇಯುತ್ತದೆ. ಚೆನ್ನಾಗಿ ಬೆಳೆಯಿತು. ಆಮೇಲೆ ಕೋಟೆಯ ಕಡೆಯ ಮಂಗಗಳು ಬಂದವು. ಎಳೆ ತುದಿ ಎಲ್ಲ ಮುಗಿಸಿ ಚೀಲವನ್ನೂ ಮಗುಚಿ ಹಾಕಿ ಹೋದವು. ಈಗ ಆ ಮನೆಯವರು ಹಳೆಯ ಸೊಳ್ಳೆ ಪರದೆ ಕಟ್ಟಿದ್ದಾರೆ. ಮಂಗ ಹತ್ತಿರ ಬರುವುದಿಲ್ಲವಂತೆ. ಎಷ್ಟು ದಿನ ಎಂದು ನೋಡಬೇಕು.

ರೋಗದಲ್ಲಿ ಎರಡನ್ನು ಗುರುತಿಸಲು ಕಲಿತಿರಬೇಕು. ಎಲೆಯ ಮೇಲೆ ಕೆಂಪು ಅಂಚಿನ, ನಡುವೆ ಬಿಳಿಚಿದ ಉರುಟು ಚುಕ್ಕೆ ಬಂದರೆ ಅದು ಶಿಲೀಂಧ್ರ. ಅಂಥ ಎಲೆ ಕಿತ್ತು ಸುಡಿ, ನೀರನ್ನು ಎಲೆಯ ಮೇಲೆ ಎರಚದೆ ಬುಡಕ್ಕೆ ಹಾಕಿ. ಮದ್ದು ಹೊಡೆಯುವ ಕೆಲಸ ಬೇಡ, ನಾಳೆ ತಿನ್ನುವ ಸೊಪ್ಪು ಅದು. ಎರಡನೆಯದ್ದು ಮೋಸದ ರೋಗ. ಗೊಬ್ಬರ ಇದೆ, ನೀರು ಇದೆ, ಆದರೂ ಬಳ್ಳಿ ಮುದುಡುತ್ತದೆ, ಎಲೆ ಹಳದಿ. ಕಿತ್ತು ನೋಡಿದರೆ ಬೇರಿನ ತುಂಬ ಗಂಟು ಗಂಟು. ಕಣ್ಣಿಗೆ ಕಾಣದ ಜಂತುಹುಳದ ಕೆಲಸ. ನಮ್ಮ ಒಂದು ಬಳ್ಳಿಗೆ ಬಂದಿತ್ತು. ಅಂಥದ್ದನ್ನು ಬೇರು ಸಮೇತ ಕಿತ್ತು ಸುಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಆ ಜಾಗದಲ್ಲಿ ಮತ್ತೆ ಬಸಳೆ, ಬದನೆ, ಟೊಮೆಟೊ, ಬೆಂಡೆ ಬೇಡ. ಒಂದು ವರ್ಷ ಚೆಂಡುಹೂ ಹಾಕಿ, ಬೇವಿನ ಹಿಂಡಿ ಬೆರೆಸಿ. ಮುಖ್ಯವಾಗಿ ಆ ಬುಡದ ಮಣ್ಣು ಅಂಟಿದ ದಂಟನ್ನು ಸಂಬಂಧಿಕರಿಗೆ ಕೊಡಬೇಡಿ. ಪ್ರೀತಿಯಿಂದ ಕೊಟ್ಟ ಗಿಡದ ಜೊತೆ ರೋಗವೂ ಹೋಗುತ್ತದೆ.

ಅಡುಗೆ ನಮ್ಮ ಮನೆಗಳಿಗೆ ಹೇಳಿಕೊಡುವ ವಿಷಯ ಅಲ್ಲ. ಒಣ ಸಿಗಡಿ ಹುರಿದು, ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ ಅರೆದು ಹಾಕಿದ ಬಸಳೆಗೆ ಇನ್ನೊಂದು ಸಾಟಿ ಇಲ್ಲ. ಅಕ್ಕಿ ರುಬ್ಬಿ ಸಣ್ಣ ಉಂಡೆ ಕಟ್ಟಿ ಬೇಯಿಸಿದ ಪಿಂಡಿಯನ್ನು ಅದರಲ್ಲೇ ಹಾಕಿದರೆ ಮಕ್ಕಳು ಬೇರೆ ಊಟ ಕೇಳುವುದಿಲ್ಲ. ಹಲಸಿನ ಬೀಜ ಊರಿಂದ ಬಂದಾಗ ಅದೂ ಸೇರುತ್ತದೆ. ಘಟ್ಟದ ಮೇಲಿನವರಿಗೆ ಅರ್ಥ ಆಗದ್ದು ನಾವು ದಂಟು ತಿನ್ನುವುದು. ಪಕ್ಕದ ಮನೆಯ ಅಜ್ಜಿಗೆ ಮೊದಲು ಒಂದು ಕಟ್ಟು ಕೊಟ್ಟಾಗ ಎಲೆ ಮಾತ್ರ ಇಟ್ಟುಕೊಂಡು ದಂಟನ್ನು ಎಮ್ಮೆಗೆ ಹಾಕಿದ್ದರು. ಉಮ್ಮ ಎರಡು ದಿನ ಅದನ್ನೇ ಹೇಳುತ್ತಿದ್ದರು. ಅಜ್ಜಿ ಮಾತ್ರ ಎಲೆಯನ್ನು ತೊಗರಿಬೇಳೆಯ ಜೊತೆ ಬೇಯಿಸಿ ಮಸೆದು ಮಸ್ಸೊಪ್ಪು ಮಾಡಿ ರಾಗಿ ಮುದ್ದೆ ಜೊತೆ ಕಳುಹಿಸಿದರು. ಉಮ್ಮ ಮುದ್ದೆ ತಿಂದದ್ದು ಅವತ್ತೇ ಮೊದಲು. ಅಗಿಯಬಾರದು, ನುಂಗಬೇಕು ಎಂದು ಮೊಮ್ಮಕ್ಕಳು ಹೇಳಿಕೊಟ್ಟರು. ಬೀದಿಯ ಇನ್ನೊಂದು ಮನೆಯವರು ಹನಫಿಗಳು, ಅವರಲ್ಲಿ ಸಿಗಡಿ ತಿನ್ನದವರಿದ್ದಾರೆ, ಹಾಗಾಗಿ ಅಲ್ಲಿಗೆ ಬೇಳೆ ಹಾಕಿದ್ದೇ ಹೋಗುತ್ತದೆ. ನೋಡಿ, ಮಾತು ಬಾರದ ಊರಿನಲ್ಲಿ ಉಮ್ಮನಿಗೆ ಮೂರು ಮನೆಯ ಬಾಗಿಲು ಪರಿಚಯ ಆದದ್ದು ಹೀಗೆ.

ಇನ್ನು, ಬಸಳೆಯಲ್ಲಿ ಕಬ್ಬಿಣ ತುಂಬಾ ಇದೆ, ರಕ್ತ ಆಗುತ್ತದೆ ಎಂದು ನಮ್ಮ ಹೆಂಗಸರು ಹೇಳುವುದು. ಇದನ್ನು ಸ್ವಲ್ಪ ತಿದ್ದಬೇಕು. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ಬಸಳೆಯಲ್ಲಿ ಕಬ್ಬಿಣ 1.2 ಮಿ.ಗ್ರಾಂ. ಮಾತ್ರ. ನಮ್ಮ ದೇಶದ ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿ.ಗ್ರಾಂ. ಎಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಎಷ್ಟು ಬುಟ್ಟಿ ತಿನ್ನಬೇಕು ಲೆಕ್ಕ ಹಾಕಿ! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ರಕ್ತಹೀನತೆ ಕಂಡುಬಂದಿದೆ. ಗರ್ಭಿಣಿ ಸೊಸೆಗೆ ಡಾಕ್ಟರು ಕೊಟ್ಟ ಮಾತ್ರೆಯನ್ನು "ಉಷ್ಣ" ಎಂದು ಮೂಲೆಗಿಟ್ಟು ಬಸಳೆ ಬೇಯಿಸಿ ಕೊಡುವ ಮನೆಗಳನ್ನು ನಾವು ನೋಡಿದ್ದೇವೆ. ಮಾತ್ರೆಯೂ ಬೇಕು, ಬಸಳೆಯೂ ಇರಲಿ. ಬಸಳೆಯ ನಿಜವಾದ ಸತ್ವ ಬೇರೆ ಕಡೆ: ಅದೇ 100 ಗ್ರಾಂನಲ್ಲಿ ಸಿ ಜೀವಸತ್ವ ಸುಮಾರು 100 ಮಿ.ಗ್ರಾಂ., ಸುಣ್ಣದ ಅಂಶ 109 ಮಿ.ಗ್ರಾಂ., ಜೊತೆಗೆ ಎ ಜೀವಸತ್ವ, ಗರ್ಭಿಣಿಯರಿಗೆ ಬೇಕಾದ ಫೋಲೇಟ್. ಸಿ ಜೀವಸತ್ವ ಬೇರೆ ಕಾಳು, ಸೊಪ್ಪಿನ ಕಬ್ಬಿಣವನ್ನು ಮೈಗೆ ಹಿಡಿಸಲು ನೆರವಾಗುತ್ತದೆ. ಆದರೆ ತುಂಬಾ ಬೇಯಿಸಿದರೆ ಅದು ಹೋಗುತ್ತದೆ, ಆದ್ದರಿಂದ ಎಲೆಯನ್ನು ಕೊನೆಗೆ ಹಾಕಿ. ಊಟ ಆದ ಕೂಡಲೇ ಚಾ ಕುಡಿಯುವ ನಮ್ಮ ಅಭ್ಯಾಸ ಕಬ್ಬಿಣವನ್ನು ತಡೆಯುತ್ತದೆ. ಅದನ್ನು ಬಿಡಿ ಎಂದು ಬ್ಯಾರಿಗಳಿಗೆ ಹೇಳುವ ಧೈರ್ಯ ನಮಗಿಲ್ಲ, ಒಂದು ಗಂಟೆ ತಡೆಯಿರಿ ಎನ್ನಬಹುದು.

ಹೀಗೆ ಎಲ್ಲ ಸರಿಹೋಯಿತು ಎನ್ನುವಾಗ 2024ರಲ್ಲಿ ಉಮ್ಮನಿಗೆ ಸೊಂಟದ ಪಕ್ಕ ತಡೆಯಲಾರದ ನೋವು. ಸ್ಕ್ಯಾನ್ ಮಾಡಿಸಿದರೆ ಮೂತ್ರಕೋಶದ ದಾರಿಯಲ್ಲಿ ಕಲ್ಲು. ಡಾಕ್ಟರು ಊಟದ ಬಗ್ಗೆ ಕೇಳಿದರು. ವಾರಕ್ಕೆ ನಾಲ್ಕು ದಿನ ಬಸಳೆ ಎಂದಾಗ ತಲೆ ಅಲ್ಲಾಡಿಸಿದರು. ಬಸಳೆ, ಪಾಲಕ್‌ನಂಥ ಸೊಪ್ಪಿನಲ್ಲಿ ಆಕ್ಸಲೇಟ್ ಅಂಶ ಇರುತ್ತದೆ. ಕಲ್ಲಿನ ಸ್ವಭಾವ ಇರುವವರು ಅದನ್ನು ಹಿಡಿತದಲ್ಲಿ ತಿನ್ನಬೇಕು. ಬಸಳೆಯೇ ಕಾರಣ ಎಂದು ಅವರು ಹೇಳಲಿಲ್ಲ. ಉಮ್ಮ ನೀರು ಕುಡಿಯುವುದು ತುಂಬಾ ಕಡಿಮೆ, ಬೋರಿನ ಉಪ್ಪು ನೀರು ಗಂಟಲಲ್ಲಿ ಇಳಿಯುವುದಿಲ್ಲ ಎಂದು ದಿನಕ್ಕೆ ಎರಡು ಲೋಟದಲ್ಲೇ ನಿಲ್ಲಿಸುತ್ತಿದ್ದರು. ಅದರ ಪಾಲೇ ದೊಡ್ಡದು ಎಂದರು.

ಯಾವುದಕ್ಕಾಗಿ ಮೂರು ವರ್ಷ ಒದ್ದಾಡಿದೆವೋ ಅದನ್ನೇ ತಿನ್ನಬಾರದು ಎಂದು ಉಮ್ಮನಿಗೆ ಹೇಳುವುದು ಹೇಗೆ? ಹೇಳಿದೆವು. ಅವರು ಮೊದಲು ಡಾಕ್ಟರಿಗೆ ಬೈದರು, ಆಮೇಲೆ ನಮಗೆ. ಈಗ ಹದಿನೈದು ದಿನಕ್ಕೊಮ್ಮೆ, ಬೇಯಿಸಿದ ಮೊದಲ ನೀರು ಚೆಲ್ಲಿ, ಒಂದು ಸೌಟು. ಅದಕ್ಕೆ ಒಂದು ಚಮಚ ಮೊಸರು ಸೇರಿಸಿಕೊಳ್ಳುತ್ತಾರೆ. ಸುಣ್ಣದ ಅಂಶ ಜೊತೆಗಿದ್ದರೆ ಆಕ್ಸಲೇಟ್ ಹೊಟ್ಟೆಯಲ್ಲೇ ಕಟ್ಟಿಕೊಂಡು ಹೊರಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದು. ನೀರು ದಿನಕ್ಕೆ ಎರಡೂವರೆ ಲೀಟರ್, ಮೊಮ್ಮಗಳು ಬಾಟಲಿ ಹಿಡಿದು ಲೆಕ್ಕ ಬರೆಯುತ್ತಾಳೆ. ಮನೆಯಲ್ಲಿ ಕಲ್ಲಿನ ತೊಂದರೆ ಆದವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಗಮನಿಸಿ.

ತಾನು ತಿನ್ನುವುದು ಕಡಿಮೆ ಆದ ಮೇಲೆ ಉಮ್ಮ ಕೊಡುವುದು ಜಾಸ್ತಿ ಮಾಡಿದರು. ಈ ನಾಲ್ಕು ಊರುಗಳಲ್ಲಿ ನಮಗೆ ಗೊತ್ತಿರುವ ಹಾಗೆ ಹನ್ನೊಂದು ಮನೆಗಳಲ್ಲಿ ಈಗ ಇದೇ ಬಳ್ಳಿಯ ಮರಿಗಳಿವೆ, ಅದರಲ್ಲಿ ನಾಲ್ಕು ನಮ್ಮವರದ್ದಲ್ಲದ ಮನೆಗಳು. ಊರಿಗೆ ಬಿಡು ಎಂಬ ಮಾತು ನಿಂತಿದೆ ಎಂದೇನೂ ಇಲ್ಲ. ವಾರಕ್ಕೊಮ್ಮೆ ಬರುತ್ತದೆ.

ಕಳೆದ ತಿಂಗಳು ಊರಿಂದ ತಮ್ಮನ ಫೋನ್. ಗಲ್ಫಿನಿಂದ ಬಂದು ಹಳೆ ಮನೆ ಕೆಡವಿ ಹೊಸದು ಕಟ್ಟಿಸಿದ್ದಾನೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸುವಾಗ ಬಾವಿಕಟ್ಟೆಯ ಬಳಿಯ ಬಸಳೆ ಬುಡ ಸಮೇತ ಹೋಗಿದೆ. "ಅಲ್ಲಿ ಉಂಟಲ್ಲ, ನಾಲ್ಕು ದಂಟು ಕಳುಹಿಸಿ" ಎಂದ. ಉಮ್ಮ ಫೋನ್ ಕಿತ್ತುಕೊಂಡು ಬೈಯುವುದನ್ನೆಲ್ಲ ಬೈದರು. ಸಂಜೆ ಆರು ದಂಟು ಕೊಯ್ದು, ಎಲೆ ಸವರಿ, ಒದ್ದೆ ಗೋಣಿಯಲ್ಲಿ ಸುತ್ತಿ, ಎರಡೂ ಬದಿ ತೆರೆದಿರುವ ಹಾಗೆ ಕಟ್ಟಿದರು. ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬಸ್ಸಿನ ಸೆಕೆಗೆ ಕೊಳೆಯುತ್ತದೆ. ಮಂಗಳೂರಿಗೆ ಹೋಗುತ್ತಿದ್ದ ನಮ್ಮ ಪರಿಚಯದ ಹುಡುಗನ ಕೈಯಲ್ಲಿ ಕೊಟ್ಟು ಕಳುಹಿಸಿದೆವು. ಬಸ್ಸು ಹೊರಡುವ ಮೊದಲು ಮತ್ತೊಮ್ಮೆ ಫೋನ್ ಮಾಡಿಸಿದರು: "ಬಾವಿಯ ಬದಿಯ ಎರಡು ಇಂಟರ್‌ಲಾಕ್ ಕಲ್ಲು ತೆಗೆಸು. ಅಲ್ಲೇ ನೆಡು. ಮಧ್ಯಾಹ್ನ ನೆಡಬೇಡ, ಅಸರ್ ಕಳೆದ ಮೇಲೆ."